ಡೆಕ್ ಸ್ಟೇನ್ ಕೆಟ್ಟು ಕೂತಿದ್ಯಾ? ಒರೆಸೋದಾ, ಕೀಳೋದಾ, ಮುಚ್ಚೋದಾ ಅಂತ ಹೇಗೆ ನಿರ್ಧಾರ ಮಾಡೋದು

ಡೆಕ್‌ಗೆ (ಮನೆ ಹೊರಗಿನ ಮರದ ಹಲಗೆ ಜಗಲಿಗೆ) ಸ್ಟೇನ್, ಅಂದ್ರೆ ಮರಕ್ಕೆ ಬಣ್ಣ, ರಕ್ಷಣೆ ಕೊಡೋ ದ್ರವ, ಹೊಡೆದು ಮುಗಿಸಿ ಮಾರನೇ ದಿನ ಬೆಳಿಗ್ಗೆ ಬಂದು ನೋಡಿದ್ರೆ ಪಟ್ಟೆ ಪಟ್ಟೆ, ಒಂದ್ಕಡೆ ಗಾಢ ಒಂದ್ಕಡೆ ತೆಳು, ಕಾಲಿಟ್ರೆ ಚಪ್ಪಲಿ ಅಂಟ್ಕೊಂಡು ಚಟ್ ಅಂತ ಬಿಡತ್ತೆ. ಇಂಥ ಸ್ಥಿತೀಲಿ ಇರೋರು ಹೆಚ್ಚುಕಮ್ಮಿ ಎಲ್ರೂ ಕೇಳೋದು ಎರಡೇ ಪ್ರಶ್ನೆ: ಮೇಲಿಂದ ಇನ್ನೊಂದು ಕೋಟ್ ಹೊಡೆದ್ರೆ ಸರಿ ಹೋಗತ್ತಾ, ಇಲ್ಲಾ ಹೊಡೆದ ಸ್ಟೇನ್ ಪೂರ್ತಿ ಕಿತ್ತು ಮೊದಲಿಂದ ಮಾಡ್ಬೇಕಾ? ಈ ಎರಡರ ಮಧ್ಯೆ ಇನ್ನೂ ನಾಲ್ಕೈದು ದಾರಿ ಇವೆ, ಕೆಲವಕ್ಕೆ ಅರ್ಧ ದಿನ ಸಾಕು, ಕೆಲವಕ್ಕೆ ಒಂದು ವಾರ ಬೇಕು. ಯಾವ್ದು ನಿಮ್ಗೆ ಅನ್ನೋದು ನಿಮ್ಮ ಇಷ್ಟಕ್ಕಿಂತ ಜಾಸ್ತಿ ಆ ಸ್ಟೇನ್ ಮರದ ಒಳಗೆ ಇದ್ಯಾ ಮೇಲೆ ಇದ್ಯಾ ಅನ್ನೋದ್ರ ಮೇಲೆ ನಿಂತಿದೆ. ಇದನ್ನ ನೋಡ್ದೇ ಸಾಮಾನು ತರೋಕೆ ಹೋಗ್ಬೇಡಿ, ನಿಜವಾಗ್ಲೂ.

ಮೊದಲು ಇದನ್ನ ಪತ್ತೆ ಮಾಡ್ಕೊಳ್ಳಿ

ಡಬ್ಬ ಇದ್ರೆ ಅದನ್ನ ತಿರುಗಿಸಿ ಓದಿ. ಬ್ರಷ್ ತೊಳೆಯೋಕೆ ನೀರು ಅಂತ ಬರೆದಿದ್ರೆ ಅದು ವಾಟರ್ ಬೇಸ್ಡ್, ಸಾಮಾನ್ಯವಾಗಿ ಅಕ್ರಿಲಿಕ್, ಮರದ ಮೇಲೆ ತೆಳ್ಳಗೆ ಪೊರೆ ಥರ ಕೂರೋ ಜಾತಿ. ಮಿನರಲ್ ಸ್ಪಿರಿಟ್ಸ್ (ಟರ್ಪೆಂಟೈನ್ ಥರದ, ಪೇಂಟ್ ತೆಳು ಮಾಡೋ ದ್ರವ) ಅಂತ ಇದ್ರೆ ಆಯಿಲ್ ಬೇಸ್ಡ್, ಇವು ಹೆಚ್ಚಾಗಿ ಮರದೊಳಗೆ ಇಳಿಯೋ ಜಾತಿ. ಡಬ್ಬ ಎಸೆದಾಗಿದ್ರೆ, ಪೂರ್ತಿ ಒಣಗಿರೋ ಜಾಗದಲ್ಲಿ ಹತ್ತಿಗೆ ಮೆಥಿಲೇಟೆಡ್ ಸ್ಪಿರಿಟ್ ಹಾಕಿ ಅರ್ಧ ನಿಮಿಷ ಉಜ್ಜಿ ನೋಡಿ, ಮೇಲ್ಮೈ ಮೆತ್ತಗಾಗಿ ಹತ್ತಿಗೆ ಬಣ್ಣ ಬಂದ್ರೆ ಅಕ್ರಿಲಿಕ್ ಇರೋ ಸಾಧ್ಯತೆ ಜಾಸ್ತಿ.

ಎರಡನೇದು, ಹೊಡೆದು ಎಷ್ಟು ದಿನ ಆಯ್ತು. ಆಯಿಲ್ ಸ್ಟೇನ್ ಆದ್ರೆ ಇದು ತುಂಬಾ ಮುಖ್ಯ, ನಿನ್ನೆ ಹೊಡೆದಿದ್ದಕ್ಕೂ ಮೂರು ವಾರದ ಹಿಂದೆ ಹೊಡೆದಿದ್ದಕ್ಕೂ ಔಷಧ ಬೇರೆ.

ಮೂರನೇದು, ಆಗಿರೋ ತಪ್ಪು ಯಾವ್ದು ಅಂತ ಹೆಸರಿಡಿ. ನಾನು ಇದನ್ನ ಮೂರು ಗುಂಪು ಮಾಡ್ತೀನಿ. ಒಂದು, ಜಾಸ್ತಿಯಾಗಿರೋದು: ಅಂಟಂಟು, ಅಲ್ಲಲ್ಲಿ ಮಿಂಚೋ ತೇಪೆಗಳು, ಯಾಕಂದ್ರೆ ಮರ ಹೀರ್ಕೊಳ್ಳೋಕೆ ಆಗಿದ್ದಷ್ಟು ಹೀರ್ಕೊಂಡು ಉಳಿದಿದ್ದು ಮೇಲೇ ನಿಂತಿದೆ. ಎರಡು, ಸಮ ಇಲ್ಲದೇ ಇರೋದು: ಒಣಗಿದ ಅಂಚಿನ ಮೇಲೆ ಮತ್ತೆ ರೋಲರ್ ಬಂದು ಗಾಢ ಪಟ್ಟೆ ಆಗಿರೋದು, ಅಥವಾ ಒಂದು ಹಲಗೆ ಚೇಗು (ಮರದ ಒಳತಿರುಳು) ಇನ್ನೊಂದು ಬಿಳಿಮರ (ಅದರ ಹೊರಭಾಗ) ಆಗಿ ಬೇರೆ ಬೇರೆ ಕುಡಿದಿರೋದು. ಮೂರು, ಕಚ್ಚದೇ ಇರೋದು: ಉಗುರಲ್ಲಿ ಕೆರೆದ್ರೆ ಹಕ್ಕಳೆ ಎದ್ದು ಬರತ್ತೆ. ಈ ಮೂರನೇದನ್ನ ಟೇಪ್ ಹಾಕಿ ಪರೀಕ್ಷೆ ಮಾಡ್ಬಹುದು, ಬ್ಲೇಡಲ್ಲಿ ಒಂದು ಅಡ್ಡಗೀಟು ಒಂದು ಉದ್ದಗೀಟು ಎಳೆದು ಗಟ್ಟಿ ಟೇಪ್ ಒತ್ತಿ ಒಂದೇ ಸಲ ಎಳೀರಿ, ಟೇಪ್ ಜೊತೆ ಪೊರೆ ಬಂದ್ರೆ ಅದರ ಮೇಲೆ ಏನು ಹೊಡೆದ್ರೂ ಅದೂ ಜೊತೆಗೇ ಎದ್ದು ಬರತ್ತೆ.

ಕೊನೇದಾಗಿ, ಮುಂದೆ ಏನು ಬೇಕು ಅಂತ. ಮರದ ಎಳೆ, ಗಂಟು ಕಾಣ್ತಾ ಇರ್ಬೇಕಾ? ಎರಡ್ಮೂರು ವರ್ಷಕ್ಕೊಮ್ಮೆ ತೊಳೆದು ಮತ್ತೆ ಹೊಡೆಯೋ ತಾಳ್ಮೆ ಇದ್ಯಾ? ಕೈಯಲ್ಲಿ ದುಡ್ಡಿದ್ಯಾ ಸಮಯ ಇದ್ಯಾ? ಕಂಬಿ ಕಟಕಟೆ ಎಷ್ಟಿದೆ? ಬರೀ ನೆಲ ಆದ್ರೆ ಒಂದು ಲೆಕ್ಕ, ಐವತ್ತು ಸಣ್ಣ ಕಂಬಿ ಇರೋ ರೇಲಿಂಗ್ ಆದ್ರೆ ಲೆಕ್ಕ ಪೂರ್ತಿ ಬೇರೆ.

ಒರೆಸಿ ತೆಗೆಯೋದು

ಅಂಟಂಟಾಗಿರೋ ಆಯಿಲ್ ಸ್ಟೇನ್, ಹೊಡೆದು ಕೆಲವು ದಿನದೊಳಗೆ ಇದ್ರೆ ಇದಕ್ಕಿಂತ ಅಗ್ಗದ, ಸುಲಭದ ದಾರಿ ಇನ್ನೊಂದಿಲ್ಲ. ಮಿನರಲ್ ಸ್ಪಿರಿಟ್ಸ್‌ನಲ್ಲಿ ಬಟ್ಟೆ ಅದ್ದಿ ಎರಡ್ಮೂರು ಹಲಗೆ ಒಂದು ಸಲಕ್ಕೆ ಉಜ್ಜಿ, ತಕ್ಷಣ ಒಣ ಬಟ್ಟೇಲಿ ಒರೆಸ್ಬೇಕು. ಇನ್ನೊಂದು ವಿಧಾನ ಕೇಳಿದ್ರೆ ವಿಚಿತ್ರ ಅನ್ಸತ್ತೆ ಆದ್ರೆ ಕೆಲಸ ಮಾಡತ್ತೆ: ಅದೇ ಸ್ಟೇನನ್ನೇ ತೆಳ್ಳಗೆ ಹಚ್ಚಿ ಕೆಲವು ನಿಮಿಷ ಬಿಡೋದು, ಹೊಸ ಎಣ್ಣೆ ಹಳೇ ಅಂಟನ್ನ ಕರಗಿಸತ್ತೆ, ಆಮೇಲೆ ಎರಡನ್ನೂ ಒಟ್ಟಿಗೆ ಒರೆಸಿ ತೆಗೆಯೋದು. ಬಣ್ಣ ಜಾಸ್ತಿ ತೆಳು ಆಗೋದು ಬೇಡ ಅನ್ನೋರಿಗೆ ಎರಡನೇದೇ ವಾಸಿ.

ನನ್ನ ಮೊದಲ್ನೇ ಡೆಕ್ ಈ ಥರ ಹಾಳಾಗಿತ್ತು. ಹೊಸ ಮರ, ಮಿಲ್‌ನಲ್ಲಿ ರಂದ ಹೊಡೆದು ನುಣ್ಣಗಾಗಿದ್ದ ಮೇಲ್ಮೈ, ಅದು ಸರಿಯಾಗಿ ಕುಡಿಯಲ್ಲ ಅಂತ ಗೊತ್ತಿಲ್ದೇ ಎರಡು ದಪ್ಪ ಕೋಟ್ ಹೊಡೆದಿದ್ದೆ. ನಾಲ್ಕನೇ ದಿನ ಹೆಬ್ಬೆರಳು ಒತ್ತಿದ್ರೆ ಬೆರಳ ಗುರುತು ಹಾಗೇ ಕೂರ್ತಿತ್ತು, ಗಾಳೀಲಿ ಬಂದ ಎಲೆಚೂರು, ಸಣ್ಣ ಹುಳ ಎಲ್ಲಾ ಅಂಟ್ಕೊಂಡಿದ್ವು. ಒಣಗತ್ತೆ ಬಿಡು ಅಂತ ಕಾಯ್ತಾ ಕೂತಿದ್ರೆ ಆ ಅಂಟು ಧೂಳು ಹಿಡ್ಕೊಂಡು ಕಪ್ಪಾಗ್ತಿತ್ತು. ಮಂಡಿಯೂರಿ ಕೂತು ಒಂದು ದಿನ ಪೂರ್ತಿ ಒರೆಸಿದ ಮೇಲೆ ಮರ ಮರದ ಥರ ಕಾಣ್ತು, ಬಣ್ಣನೂ ಉಳಿದಿತ್ತು. ಅದಕ್ಕೇ ಹೇಳೋದು, ಅಂಟು ಇದ್ರೆ ಕಾಯ್ಬೇಡಿ, ಇವತ್ತೇ ಒರೆಸಿ.

ಇದರ ಮಿತಿ ಸ್ಪಷ್ಟ. ಅಕ್ರಿಲಿಕ್ ಪೊರೆಗೆ ಮಿನರಲ್ ಸ್ಪಿರಿಟ್ಸ್ ಏನೂ ಮಾಡಲ್ಲ. ವಾರಗಟ್ಟಲೆ ಆಗಿ ಗಟ್ಟಿಯಾಗಿರೋ ಎಣ್ಣೆಗೂ ಅಷ್ಟೇ. ಇನ್ನೊಂದು ಮಾತು ದಯವಿಟ್ಟು ಗಂಭೀರವಾಗಿ ತಗೊಳ್ಳಿ: ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೇಲಿ ಎಸೆದ್ರೆ ತಾನಾಗೇ ಬಿಸಿಯಾಗಿ ಬೆಂಕಿ ಹತ್ತಬಹುದು, ಲಿನ್ಸೀಡ್ ಥರದ ಒಣಗೋ ಎಣ್ಣೆಗಳು ಗಾಳಿ ಜೊತೆ ಸೇರಿ ಒಣಗುವಾಗ ಶಾಖ ಬಿಡ್ತವೆ, ಮುದ್ದೆಯೊಳಗೆ ಆ ಶಾಖ ಹೊರಗೆ ಹೋಗೋಕೆ ದಾರಿ ಇರಲ್ಲ. ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಕ್ಕೆ ಹಾಕಿ, ಅಥವಾ ಹೊರಗೆ ಒಂದೊಂದೇ ಬಿಡಿಸಿ ಹರಡಿ.

ಪಟ್ಟೆಗಳನ್ನ ಮಾತ್ರ ಸರಿ ಮಾಡೋದು

ರೋಲರ್ ಗುರುತು, ಅಂಚು ಒಂದರ ಮೇಲೊಂದು ಬಂದು ಆದ ಪಟ್ಟೆ ನಾಲ್ಕೈದು ಹಲಗೇಲಿ ಮಾತ್ರ ಇದ್ರೆ ಪೂರ್ತಿ ಡೆಕ್ ಮೇಲಿನ ಸ್ಟೇನ್ ಕೀಳೋ ಅಗತ್ಯ ಇಲ್ಲ. ಆಯಿಲ್ ಆದ್ರೆ ಆ ಗಾಢ ಪಟ್ಟೆಯನ್ನ ಮಿನರಲ್ ಸ್ಪಿರಿಟ್ಸ್ ಹಾಕಿ ಒರಟು ಪ್ಯಾಡಲ್ಲಿ ಎಳೆ ಹೋಗೋ ದಿಕ್ಕಲ್ಲೇ ಉಜ್ಜಿದ್ರೆ ಸುಮಾರು ತಿಳಿಯಾಗತ್ತೆ. ಅಕ್ರಿಲಿಕ್ ಆದ್ರೆ ಉಪ್ಪುಕಾಗದವೇ ಗತಿ.

ಇಲ್ಲಿ ಜನ ಮಾಡೋ ತಪ್ಪು ಒಂದೇ, ಪಟ್ಟೆ ಇರೋ ಒಂದಡಿ ಜಾಗ ಮಾತ್ರ ಉಜ್ಜಿ ಅಲ್ಲಿಗೆ ಮಾತ್ರ ಹೊಸ ಸ್ಟೇನ್ ಹಚ್ಚೋದು. ಹಂಗೆ ಮಾಡಿದ್ರೆ ಒಂದು ಪಟ್ಟೆ ಹೋಗಿ ಎರಡು ಅಂಚು ಹುಟ್ಟತ್ತೆ. ಕೈ ಹಾಕಿದ್ರೆ ಒಂದು ಹಲಗೆಯನ್ನ ಈ ತುದಿಯಿಂದ ಆ ತುದಿವರೆಗೆ ಪೂರ್ತಿ ಮಾಡಿ, ಹಲಗೆ ಹಲಗೆ ನಡುವೆ ಸಣ್ಣ ಬಣ್ಣದ ವ್ಯತ್ಯಾಸ ಇದ್ರೆ ಕಣ್ಣು ಅದನ್ನ ಮರದ ಸ್ವಭಾವ ಅಂತ ಒಪ್ಕೊಳತ್ತೆ, ಒಂದೇ ಹಲಗೆ ಮಧ್ಯದಲ್ಲಿ ಇದ್ರೆ ಒಪ್ಪಲ್ಲ. ಇದು ದುಡ್ಡು ಕಡಿಮೆ ಇರೋರಿಗೆ ಒಳ್ಳೇ ದಾರಿ, ಆದ್ರೆ ಕಾಲು ಭಾಗಕ್ಕಿಂತ ಜಾಸ್ತಿ ಡೆಕ್ ಕೆಟ್ಟಿದ್ರೆ ತೇಪೆ ಹಾಕ್ತಾ ಹೋಗೋದಕ್ಕಿಂತ ಕೀಳೋದೇ ಬೇಗ ಮುಗಿಯತ್ತೆ.

ಸುಮ್ನೆ ಬಿಡೋದು

ಇದೂ ಒಂದು ಆಯ್ಕೆನೇ. ಸೆಮಿ ಟ್ರಾನ್ಸ್‌ಪರೆಂಟ್ (ಮರದ ಎಳೆ ಕಾಣೋ ತೆಳು ಬಣ್ಣದ) ಆಯಿಲ್ ಸ್ಟೇನ್, ಅಂಟು ಇಲ್ಲ, ಹಕ್ಕಳೆ ಇಲ್ಲ, ಬಣ್ಣ ಮಾತ್ರ ಸ್ವಲ್ಪ ಗಾಢ ಅಥವಾ ಸ್ವಲ್ಪ ಚುಕ್ಕೆ ಚುಕ್ಕೆ ಅಂದ್ರೆ, ಬಿಸಿಲು ಮಳೆ ಒಂದೆರಡು ವರ್ಷದಲ್ಲಿ ಅದನ್ನ ತಾನಾಗೇ ಮಾಸಿಸತ್ತೆ, ಆಗ ಬರೀ ಕ್ಲೀನರ್‌ನಲ್ಲಿ ತೊಳೆದು ಸರಿಯಾಗಿ ಹೊಡೆದ್ರಾಯ್ತು. ಖರ್ಚು ಸೊನ್ನೆ. ನೆರಳಲ್ಲಿರೋ ಮೂಲೆ ಮಾತ್ರ ನಿಧಾನ ಮಾಸತ್ತೆ ಅನ್ನೋದು ನೆನಪಿರ್ಲಿ. ಹಕ್ಕಳೆ ಏಳ್ತಿರೋ ಡೆಕ್‌ಗೆ ಈ ದಾರಿ ಬೇಡ, ಎದ್ದ ಪೊರೆ ಕೆಳಗೆ ನೀರು ನುಗ್ಗಿ ಹೊರಗೆ ಬರೋಕಾಗದೇ ಮರ ಕೊಳೆಯತ್ತೆ.

ಸ್ಟ್ರಿಪ್ಪರ್ ಹಾಕಿ ಕೀಳೋದು

ಪೂರ್ತಿ ಡೆಕ್ ಕೆಟ್ಟಿದೆ, ಮರದ ಎಳೆ ಕಾಣೋ ಹಂಗೇ ಬೇಕು ಅನ್ನೋರಿಗೆ ನಾನು ಹೆಚ್ಚಾಗಿ ಹೇಳೋದು ಇದನ್ನೇ. ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಜನ ಹೆದರೋದೂ ಇದಕ್ಕೇ, ಅರ್ಧಂಬರ್ಧ ಮಾಡಿ ಕೆಡಿಸ್ಕೊಳ್ಳೋದೂ ಇದನ್ನೇ.

ಅಂಗಡೀಲಿ ಎರಡು ಥರದ ಡಬ್ಬ ಪಕ್ಕ ಪಕ್ಕ ಇರತ್ತೆ, ಗೊಂದಲ ಮಾಡ್ಕೊಬೇಡಿ. ಡೆಕ್ ಕ್ಲೀನರ್ ಅಂದ್ರೆ ಸಾಮಾನ್ಯವಾಗಿ ಸೋಡಿಯಂ ಪರ್ಕಾರ್ಬೊನೇಟ್, ಅದು ಕೊಳೆ, ಪಾಚಿ, ಬೂದು ಬಣ್ಣ ತೆಗೆಯತ್ತೆ, ಹೊಸ ಸ್ಟೇನ್ ತೆಗೆಯಲ್ಲ. ಸ್ಟ್ರಿಪ್ಪರ್‌ನಲ್ಲಿ ಸಾಮಾನ್ಯವಾಗಿ ಸೋಡಿಯಂ ಹೈಡ್ರಾಕ್ಸೈಡ್ ಇರತ್ತೆ, ಅಂದ್ರೆ ಕಾಸ್ಟಿಕ್ ಸೋಡಾ, ಅದು ಮರದೊಳಗೆ ಇಳಿದ ಆಯಿಲ್ ಸ್ಟೇನನ್ನ ಚೆನ್ನಾಗಿ ಬಿಡಿಸತ್ತೆ, ತೆಳು ಅಕ್ರಿಲಿಕ್ ಪೊರೆಯನ್ನ ಸುಮಾರಾಗಿ ಬಿಡಿಸತ್ತೆ. ದಪ್ಪ ಸಾಲಿಡ್ (ಮರದ ಎಳೆ ಮುಚ್ಚಿಬಿಡೋ) ಅಕ್ರಿಲಿಕ್‌ಗೆ ಕಾಸ್ಟಿಕ್ ಸಾಕಾಗಲ್ಲ, ಅದಕ್ಕೆ ಬೆಂಜೈಲ್ ಆಲ್ಕೋಹಾಲ್ ಇರೋ ಸ್ಟ್ರಿಪ್ಪರ್ ಬೇಕಾಗತ್ತೆ, ಅದು ದುಬಾರಿ.

ಮೋಡ ಇರೋ ದಿನ ಆರಿಸ್ಕೊಳ್ಳಿ. ಕೈಗೆ ಉದ್ದ ಗ್ಲೌಸ್, ಕಣ್ಣಿಗೆ ರಕ್ಷಣಾ ಕನ್ನಡಕ, ಇದ್ರಲ್ಲಿ ರಾಜಿ ಬೇಡ. ಸುತ್ತಲಿನ ಗಿಡಗಳಿಗೆ ಮೊದಲೇ ಚೆನ್ನಾಗಿ ನೀರು ಹಾಕಿ ಪ್ಲಾಸ್ಟಿಕ್ ಹೊದಿಸಿ. ಅಲ್ಯೂಮಿನಿಯಂ ಬಾಗಿಲ ಚೌಕಟ್ಟು ಹತ್ತಿರ ಇದ್ರೆ ಅದನ್ನೂ ಮುಚ್ಚಿ, ಕಾಸ್ಟಿಕ್ ಅಲ್ಯೂಮಿನಿಯಂ ತಿನ್ನತ್ತೆ. ಸ್ಟ್ರಿಪ್ಪರ್ ಧಾರಾಳವಾಗಿ ಹಚ್ಚಿ 15ರಿಂದ 30 ನಿಮಿಷ ಬಿಡ್ಬೇಕು, ಡಬ್ಬದ ಮೇಲೆ ಬೇರೆ ಹೇಳಿದ್ರೆ ಅದನ್ನೇ ಪಾಲಿಸಿ, ಒಣಗೋಕೆ ಮಾತ್ರ ಬಿಡ್ಬಾರ್ದು, ಒಣಗಿದ ಸ್ಟ್ರಿಪ್ಪರ್ ಕೆಲಸ ನಿಲ್ಲಿಸಿಬಿಡತ್ತೆ. ಆಮೇಲೆ ಗಟ್ಟಿ ಬ್ರಷ್‌ನಲ್ಲಿ ಎಳೆಗುಂಟ ಉಜ್ಜಿ ನೀರು ಬಿಡಿ. ಪ್ರೆಷರ್ ವಾಷರ್ ಬಳಸೋದಾದ್ರೆ ಅದನ್ನ ತೊಳೆಯೋಕೆ ಬಳಸಿ, ಕೆತ್ತೋಕೆ ಅಲ್ಲ. ಮೆದು ಮರಕ್ಕೆ ನೀರಿನ ಒತ್ತಡ 1,000 ರಿಂದ 1,200 ಪಿಎಸ್‌ಐ, 40 ಡಿಗ್ರಿ ಅಗಲದ ನಾಝಲ್, ಹಲಗೆಯಿಂದ ಒಂದಡಿ ದೂರ. ಅದಕ್ಕಿಂತ ಜಾಸ್ತಿ ಮಾಡಿದ್ರೆ ಮರದ ಮೆದು ಭಾಗ ಕಿತ್ಕೊಂಡು ಹೋಗಿ ನಾರು ಎದ್ದು ನಿಲ್ಲತ್ತೆ.

ಈಗ ಮರ ಕಪ್ಪಗೆ, ಸುಟ್ಟ ಹಂಗೆ ಕಾಣತ್ತೆ. ಇಲ್ಲೇ ಎಷ್ಟೋ ಜನ ಅಯ್ಯೋ ಮರ ಹಾಳಾಯ್ತು ಅಂತ ಕೈ ಬಿಡೋದು. ಹಾಳಾಗಿಲ್ಲ, ಕ್ಷಾರಕ್ಕೆ ಮರ ಕಪ್ಪಾಗೋದು ಸಹಜ. ಮರ ಇನ್ನೂ ಒದ್ದೆ ಇರುವಾಗ್ಲೇ ಆಕ್ಸಾಲಿಕ್ ಆಸಿಡ್ ಅಥವಾ ಸಿಟ್ರಿಕ್ ಆಸಿಡ್ ಇರೋ ಬ್ರೈಟನರ್ ಸಿಂಪಡಿಸಿ, ನೋಡ್ತಾ ನೋಡ್ತಾ ಕೆಲವೇ ನಿಮಿಷದಲ್ಲಿ ಆ ಕಪ್ಪು ಹಿಂದೆ ಸರಿದು ಮರದ ಕೆಂಪು, ಹಳದಿ ಮೇಲೆ ಬರೋದು ಕಾಣತ್ತೆ, ಮೊದಲ್ನೇ ಸಲ ನೋಡಿದಾಗ ನಾನು ಬಕೆಟ್ ಕೆಳಗಿಟ್ಟು ಸುಮ್ನೆ ನಿಂತ್ಕೊಂಡಿದ್ದೆ. ಬಣ್ಣಕ್ಕಿಂತ ಮುಖ್ಯ ಇನ್ನೊಂದಿದೆ: ಮರದಲ್ಲಿ ಉಳಿದ ಕ್ಷಾರವನ್ನ ಈ ಆಸಿಡ್ ತಟಸ್ಥ ಮಾಡತ್ತೆ. ಈ ಹಂತ ಬಿಟ್ರೆ ಹೊಸ ಸ್ಟೇನ್ ಕಪ್ಪಾಗ್ಬಹುದು, ಬೇಗ ಹಾಳಾಗ್ಬಹುದು. ಬ್ರೈಟನರ್ ಅನಗತ್ಯ ಖರ್ಚು ಅಂತ ಉಳಿಸೋಕೆ ಹೋಗ್ಬೇಡಿ. ಇದರ ಬದಲು ಕ್ಲೋರಿನ್ ಬ್ಲೀಚ್ ಅಂತೂ ಬೇಡವೇ ಬೇಡ, ಅದು ನಾರು ಸಡಿಲ ಮಾಡತ್ತೆ, ಮೊಳೆ ತುಕ್ಕು ಹಿಡಿಸತ್ತೆ, ಆಸಿಡ್ ಜೊತೆ ಸೇರಿದ್ರೆ ವಿಷಗಾಳಿ ಬರತ್ತೆ.

ಒಟ್ಟು ಲೆಕ್ಕ ಹಾಕಿದ್ರೆ ಮಧ್ಯಮ ಅಳತೆ ಡೆಕ್‌ಗೆ ಒಂದು ದಿನದ ಕೆಲಸ, ಒಣಗೋಕೆ ಕನಿಷ್ಠ ಎರಡು ಮೂರು ದಿನ. ದುಡ್ಡು ಮಧ್ಯಮ, ಶ್ರಮ ಮಧ್ಯಮ, ರೇಲಿಂಗ್ ಕಂಬಿಗಳಿಗೆ ಇದೇ ಉತ್ತಮ ಯಾಕಂದ್ರೆ ದ್ರವ ಸಂದಿಗೆಲ್ಲಾ ಹೋಗತ್ತೆ, ಸ್ಯಾಂಡರ್ ಹೋಗಲ್ಲ.

ಸ್ಯಾಂಡಿಂಗ್

ಉಪ್ಪುಕಾಗದಕ್ಕೆ ಯಾವ ಸ್ಟೇನ್ ಅನ್ನೋ ಭೇದ ಇಲ್ಲ, ಎಲ್ಲಾ ಹೋಗತ್ತೆ, ಅದೇ ಅದರ ಶಕ್ತಿ. ಸ್ಟ್ರಿಪ್ಪರ್‌ಗೆ ಬಗ್ಗದ ದಪ್ಪ ಪೊರೆ, ನಾರು ಎದ್ದ ಮರ, ಚಿಕ್ಕ ಡೆಕ್, ಮೆಟ್ಟಿಲು, ಕೈ ಹಿಡಿಯೋ ರೇಲಿಂಗ್ ಮೇಲ್ಭಾಗ, ಇವಕ್ಕೆ ಇದೇ ಸರಿ. ದೊಡ್ಡ ಡೆಕ್‌ಗೆ ಇದೊಂದನ್ನೇ ನಂಬ್ಕೊಂಡ್ರೆ ಬೆನ್ನು, ಮಂಡಿ, ಕಾಗದ ಮೂರೂ ಸವೆಯತ್ತೆ. ಎಣ್ಣೆ ಇರೋ ಸ್ಟೇನ್ ಬಿಸಿಗೆ ಕರಗಿ ಕಾಗದದ ಮೇಲೆ ಅಂಟಿ ಐದು ನಿಮಿಷಕ್ಕೆ ಒಂದು ಡಿಸ್ಕ್ ಬದಲಾಯಿಸೋ ಹಂಗೂ ಆಗತ್ತೆ, ಹಾಗಾಗಿ ಮೊದಲು ಸ್ಟ್ರಿಪ್ಪರ್, ಉಳಿದ ಮೊಂಡು ಜಾಗಕ್ಕೆ ಸ್ಯಾಂಡರ್ ಅನ್ನೋ ಜೋಡಿ ಬಹಳ ಕಡೆ ಚೆನ್ನಾಗಿ ನಡೆಯತ್ತೆ.

ಕಾಗದ 60ರಿಂದ 80 ಗ್ರಿಟ್ (ಒರಟುತನದ ಅಂಕಿ, ಹೆಚ್ಚಿದಷ್ಟೂ ಕಾಗದ ನುಣುಪು), ಅಲ್ಲಿಗೆ ನಿಲ್ಲಿಸಿ. ಪೀಠೋಪಕರಣದ ಥರ 150, 220ರವರೆಗೆ ಹೋಗಿ ನುಣ್ಣಗೆ ಮಾಡಿದ್ರೆ ಮರದ ರಂಧ್ರ ಮುಚ್ಚಿ ಸ್ಟೇನ್ ಇಳಿಯಲ್ಲ, ಮತ್ತೆ ಅಂಟಂಟು ಕಥೆ ಶುರು. ಮೊಳೆ, ಸ್ಕ್ರೂ ತಲೆಗಳನ್ನ ಮೊದಲೇ ಮರದ ಮಟ್ಟಕ್ಕಿಂತ ಸ್ವಲ್ಪ ಒಳಗೆ ಇಳಿಸಿ. ಒಂದು ಎಚ್ಚರಿಕೆ: ಹಳೇ ಪ್ರೆಷರ್ ಟ್ರೀಟೆಡ್ (ಕೊಳೆಯದ ಹಂಗೆ ಒತ್ತಡದಲ್ಲಿ ರಾಸಾಯನಿಕ ತುಂಬಿದ) ಮರದಲ್ಲಿ ಸಿಸಿಎ ಅನ್ನೋ ರಾಸಾಯನಿಕ ಇರ್ಬಹುದು, ಕ್ರೋಮಿಯಂ, ತಾಮ್ರ, ಆರ್ಸೆನಿಕ್ ಸೇರಿದ್ದು, ಅಮೆರಿಕದಲ್ಲಿ 2003ರ ಕೊನೆಗೆ ಮನೆ ಬಳಕೆ ಮರದಿಂದ ಇದನ್ನ ಬಹುತೇಕ ಕೈ ಬಿಟ್ರು. ಅದಕ್ಕಿಂತ ಹಳೇ ಡೆಕ್ ಆಗಿದ್ದು ಮರದ ಮೂಲ ಗೊತ್ತಿಲ್ಲ ಅಂದ್ರೆ ಸ್ಯಾಂಡಿಂಗ್ ಯೋಚನೆ ಬಿಟ್ಬಿಡಿ, ಆ ಧೂಳು ಮಕ್ಕಳು ಓಡಾಡೋ ಜಾಗಕ್ಕೆ ಬೇಡ.

ಗಾಢ ಬಣ್ಣದಲ್ಲಿ ಮುಚ್ಚೋದು

ಬಹಳ ಜನ ಮೊದಲು ಯೋಚಿಸೋದು ಇದನ್ನ, ನಾನು ಕೊನೆಗೆ ಹೇಳೋದು ಇದನ್ನ. ಕೆಟ್ಟ ದಾರಿ ಅಂತ ಅಲ್ಲ, ವಾಪಸ್ ಬರೋಕೆ ಕಷ್ಟ ಇರೋ ದಾರಿ ಅಂತ. ಸೆಮಿ ಟ್ರಾನ್ಸ್‌ಪರೆಂಟ್‌ನಿಂದ ಸೆಮಿ ಸಾಲಿಡ್‌ಗೆ, ಅಲ್ಲಿಂದ ಸಾಲಿಡ್‌ಗೆ ಮುಂದೆ ಹೋಗ್ಬಹುದು, ಹಿಂದೆ ಬರ್ಬೇಕು ಅಂದ್ರೆ ಎಲ್ಲಾ ಕೀಳ್ಬೇಕು.

ಸೆಮಿ ಸಾಲಿಡ್ ಒಳ್ಳೇ ಮಧ್ಯದಾರಿ, ಸಾಧಾರಣ ಪಟ್ಟೆಗಳನ್ನ ಮರೆಮಾಡತ್ತೆ, ಎಳೆ ಸ್ವಲ್ಪ ಕಾಣತ್ತೆ. ಸಾಲಿಡ್ ಅಂದ್ರೆ ಹೆಚ್ಚುಕಮ್ಮಿ ಬಣ್ಣ ಬಳಿದ ಹಂಗೆ, ಪಟ್ಟೆ, ಚುಕ್ಕೆ, ಬೇರೆ ಬೇರೆ ಹಲಗೆ ಎಲ್ಲಾ ಒಂದೇ ಆಗತ್ತೆ, ಬಿಸಿಲಿಂದ ಮರಕ್ಕೆ ರಕ್ಷಣೆನೂ ಹೆಚ್ಚು. ಹಳೇ ಮರ, ಬೇರೆ ಬೇರೆ ಕಾಲಕ್ಕೆ ಹಾಕಿದ ಹಲಗೆ, ಎಳೆ ಕಾಣೋ ಆಸೆ ಇಲ್ಲ ಅನ್ನೋ ಡೆಕ್‌ಗೆ ಇದು ಹೊಂದತ್ತೆ. ಹೊಸ, ಚೆಂದದ ಮರಕ್ಕೆ ಬರೀ ಪಟ್ಟೆ ಮುಚ್ಚೋಕೆ ಅಂತ ಸಾಲಿಡ್ ಹೊಡೆಯೋದು ನಂಗೆ ಯಾಕೋ ಮನಸ್ಸಿಗೆ ಹಿಡಿಸಲ್ಲ, ನೆಲ ಆದ್ದರಿಂದ ಕಾಲ್ತುಳಿತಕ್ಕೆ, ನಿಂತ ನೀರಿಗೆ ಆ ಪೊರೆ ಒಂದಲ್ಲ ಒಂದು ದಿನ ಏಳತ್ತೆ, ಆಗ ಕೀಳೋ ಕೆಲಸ ಈಗಿನದಕ್ಕಿಂತ ಎರಡು ಪಟ್ಟು.

ಮುಚ್ಚೋಕೂ ಷರತ್ತಿದೆ. ಕೆಳಗಿರೋದು ಅಂಟಂಟಾಗಿದ್ರೆ ಅದರ ಮೇಲೆ ಏನೂ ಕೂರಲ್ಲ. ಕೆಳಗೆ ಒಣಗದೇ ಉಳಿಯೋ ಜಾತಿಯ ಎಣ್ಣೆ ಇದ್ರೆ ಅಕ್ರಿಲಿಕ್ ಕಚ್ಚಲ್ಲ. ಕೆಳಗೆ ಪೊರೆ ಇದ್ರೆ ಆಯಿಲ್ ಒಳಗೆ ಇಳಿಯಲ್ಲ. ಟೇಪ್ ಪರೀಕ್ಷೇಲಿ ಫೇಲ್ ಆಗಿದ್ರೆ ಈ ಆಯ್ಕೆ ನಿಮಗಿಲ್ಲ ಅಂತಾನೇ ಲೆಕ್ಕ.

ಹಲಗೆ ತಿರುಗಿಸೋದು

ಮೇಲಿಂದ ಸ್ಕ್ರೂ ಹಾಕಿರೋ, ಎರಡೂ ಮುಖ ಸಪಾಟಾಗಿರೋ ಹಲಗೆ ಆದ್ರೆ ಬಿಚ್ಚಿ ಮಗುಚಿ ಹಾಕ್ಬಹುದು. ಕೆಳಮುಖ ಬಿಸಿಲು ಕಂಡಿರಲ್ಲ, ತೊಳೆದು ಸ್ವಲ್ಪ ಉಜ್ಜಿದ್ರೆ ಹೆಚ್ಚುಕಮ್ಮಿ ಹೊಸ ಮರ. ಕೊಳೆತ, ಸೀಳಿದ ಹಲಗೆ ಇದ್ರೆ ಅದನ್ನ ಬದಲಾಯಿಸೋಕೂ ಇದೇ ಸಮಯ. ಪೂರ್ತಿ ಡೆಕ್‌ಗೆ ಇದು ಅತಿ ಆಗತ್ತೆ.

ಹಾಗಾದ್ರೆ ನಿಮ್ದು ಯಾವ್ದು

ಆಯಿಲ್, ಅಂಟು, ಹೊಡೆದು ವಾರ ಆಗಿಲ್ಲ ಅಂದ್ರೆ ಒರೆಸಿ, ಬೇರೆ ಯೋಚನೆನೇ ಬೇಡ. ಆಯಿಲ್, ಅಂಟು, ತಿಂಗಳಾಗಿದೆ ಅಂದ್ರೆ ಒಂದು ಹಲಗೇಲಿ ಒರೆಸಿ ನೋಡಿ, ಬಗ್ಗದಿದ್ರೆ ಸ್ಟ್ರಿಪ್ಪರ್. ಕೆಲವೇ ಹಲಗೇಲಿ ಪಟ್ಟೆ ಇದ್ರೆ ಆ ಹಲಗೆ ಮಾತ್ರ ತುದಿಯಿಂದ ತುದಿಗೆ. ಪೂರ್ತಿ ಪಟ್ಟೆ ಇದೆ, ಎಳೆ ಬೇಕು ಅಂದ್ರೆ ಸ್ಟ್ರಿಪ್ಪರ್ ಮತ್ತು ಬ್ರೈಟನರ್. ಪೂರ್ತಿ ಪಟ್ಟೆ ಇದೆ, ಎಳೆ ಬೇಕಿಲ್ಲ, ಕೆಳಗಿನ ಕೋಟ್ ಗಟ್ಟಿ ಕಚ್ಚಿದೆ ಅಂದ್ರೆ ತೊಳೆದು ಸೆಮಿ ಸಾಲಿಡ್ ಅಥವಾ ಸಾಲಿಡ್. ಹಕ್ಕಳೆ ಏಳ್ತಿದ್ರೆ ಸ್ಟ್ರಿಪ್ಪರ್, ಬ್ರೈಟನರ್ ಹಾಕಿ ಆಮೇಲೆ ಸ್ಯಾಂಡಿಂಗ್, ಇದರಲ್ಲಿ ಅಡ್ಡದಾರಿ ಇಲ್ಲ. ಈ ವರ್ಷ ದುಡ್ಡೂ ಇಲ್ಲ ಸಮಯನೂ ಇಲ್ಲ, ಬಣ್ಣ ಮಾತ್ರ ಸರಿ ಇಲ್ಲ ಅಂದ್ರೆ ಬಿಟ್ಬಿಡಿ, ನಿಶ್ಚಿಂತೆಯಿಂದ ಬಿಡಿ. ಕೆಲಸದವರನ್ನ ಕರೆಯೋದಾದ್ರೆ ಸ್ಟ್ರಿಪ್ಪರ್ ಆದ್ಮೇಲೆ ಬ್ರೈಟನರ್ ಹಾಕ್ತೀರಾ, ಎಷ್ಟು ದಿನ ಒಣಗೋಕೆ ಬಿಡ್ತೀರಾ ಅಂತ ಎರಡು ಪ್ರಶ್ನೆ ಕೇಳಿ, ಉತ್ತರದಲ್ಲೇ ಅವರ ಕೆಲಸ ಗೊತ್ತಾಗತ್ತೆ.

ಮತ್ತೆ ಹೊಡೆಯೋ ದಿನ

ಮರದ ತೇವ ಶೇಕಡ 15ಕ್ಕಿಂತ ಕಡಿಮೆ ಇರ್ಬೇಕು, ಮಾಯಿಶ್ಚರ್ ಮೀಟರ್ ಚಿಕ್ಕದೊಂದು ತಗೊಂಡ್ರೆ ಊಹೆ ಮಾಡೋದು ತಪ್ಪತ್ತೆ. ಮರ ಕುಡಿಯೋಕೆ ತಯಾರಿದ್ಯಾ ಅಂತ ನೋಡೋಕೆ ನಾಲ್ಕು ಹನಿ ನೀರು ಚಿಮುಕಿಸಿ, ಕೆಲವು ನಿಮಿಷದಲ್ಲಿ ಹೀರ್ಕೊಂಡ್ರೆ ಸರಿ, ಮುತ್ತಿನ ಹಂಗೆ ನಿಂತ್ರೆ ಇನ್ನೂ ಕೆಲಸ ಇದೆ. ಸುಮಾರು 10ರಿಂದ 32 ಡಿಗ್ರಿ ಸೆಲ್ಸಿಯಸ್ ನಡುವೆ, ಮುಂದಿನ 24 ಗಂಟೆ ಮಳೆ ಇಲ್ಲದ ದಿನ, ನೇರ ಬಿಸಿಲು ಹಲಗೆ ಮೇಲೆ ಬೀಳದ ಹೊತ್ತು. ಬರಿಗಾಲಲ್ಲಿ ನಿಲ್ಲೋಕಾಗದಷ್ಟು ಹಲಗೆ ಬಿಸಿ ಇದ್ರೆ ಸ್ಟೇನ್ ಇಳಿಯೋ ಮೊದಲೇ ಒಣಗಿ ಪಟ್ಟೆ ಆಗತ್ತೆ, ಮೊದಲು ಆಗಿದ್ದೂ ಬಹುಶಃ ಅದೇ.

ಕಾಣದ ಮೂಲೇಲಿ ಒಂದು ಹಲಗೆಗೆ ಹಚ್ಚಿ ಒಂದು ದಿನ ಬಿಟ್ಟು ಬಣ್ಣ ನೋಡಿ. ಆಮೇಲೆ ಎರಡು ಮೂರು ಹಲಗೆ ಮಾತ್ರ ಒಂದು ಸಲಕ್ಕೆ, ತುದಿಯಿಂದ ತುದಿವರೆಗೆ, ಮಧ್ಯೆ ಎಲ್ಲೂ ನಿಲ್ಲಿಸ್ದೇ. ಇಬ್ಬರಿದ್ರೆ ಒಬ್ರು ಹಚ್ಚೋದು, ಇನ್ನೊಬ್ರು ಹಿಂದಿಂದ ಬ್ರಷ್‌ನಲ್ಲಿ ಎಳೀತಾ ಬರೋದು. ಆಯಿಲ್ ಸ್ಟೇನ್ ಆದ್ರೆ 15, 20 ನಿಮಿಷ ಬಿಟ್ಟು ಹಲಗೆ ಮಟ್ಟಕ್ಕೆ ತಲೆ ಬಗ್ಗಿಸಿ ಬೆಳಕಿಗೆ ಎದುರಾಗಿ ನೋಡಿ, ಎಲ್ಲೆಲ್ಲಿ ಮಿಂಚ್ತಿದ್ಯೋ ಅಲ್ಲಿ ಮರ ಸಾಕು ಅಂತಿದೆ, ಒಣ ಬಟ್ಟೇಲಿ ಅಷ್ಟನ್ನೂ ಒರೆಸಿ ತೆಗೆದು ಮುಂದಿನ ಹಲಗೆಗೆ ಹೋಗಿ.